ಬ್ಯಾಂಡ್ ನಿಲ್ಲಿಸಿದ ಮೇಲೆ

ಸತ್ತವರ ಮುಂದೆ ಕೂತು ಅಳುವವರನ್ನು ತೋರಿಸಿ ‘ನೋಡಿ, ಎಷ್ಟು ಸಂಭ್ರಮ’ ಎಂದರೆ ಯಾರಿಗೆ ತಾನೇ ಮೈ ಉರಿಯುವುದಿಲ್ಲ? ಧಾರವಾಡದ ಶ್ರೀದೇವಿಗೆ ಉರಿದಿತ್ತು. ಆ ಉರಿಯಲ್ಲೇ ಜರ್ಮನಿಯ ಬಾನ್‌ನಲ್ಲಿ ಕೂತು ಪಿಎಚ್‌ಡಿ ಪ್ರಬಂಧ ಬರೆದಿದ್ದಳು. ಇಟಲಿಯವರು ಸಮುದ್ರ ದಾಟಿ ಅಲ್ಬೇನಿಯಾವನ್ನು ನುಂಗಿದಾಗ, ಆ ದಂಡೆಯ ಜನರನ್ನು ತಮ್ಮ ಪತ್ರಿಕೆ, ಸಿನಿಮಾಗಳಲ್ಲಿ ಹೇಗೆ ತೋರಿಸಿದರು ಎಂಬುದೇ ವಿಷಯ. ಒಮ್ಮೆ ಚೂರಿ ಹಿಡಿದ ಕಾಡುಜನ, ಇನ್ನೊಮ್ಮೆ ಕೈಹಿಡಿದು ನಡೆಸಬೇಕಾದ ಮಕ್ಕಳು. ನಮ್ಮ ನಿಮ್ಮ ಹಾಗೆ ಮನುಷ್ಯರು ಅಂತ ಮಾತ್ರ ಅಪ್ಪಿತಪ್ಪಿಯೂ ಇಲ್ಲ.

ಇವತ್ತು ಕೊನೆಯ ಮೌಖಿಕ ಪರೀಕ್ಷೆ. ಪರದೆಯ ಮೇಲೆ ಹಳೆಯ ಸುದ್ದಿಚಿತ್ರ ಓಡುತ್ತಿತ್ತು. ದಂಡೆಯ ಹೆಂಗಸರು ದುಂಡಗೆ ಕೂತು, ಮೈ ತೂಗುತ್ತ ಹಾಡುತ್ತಿದ್ದರು. ಅವರ ದನಿ ಎಲ್ಲಿ? ಅದರ ಮೇಲೆ ಮಿಲಿಟರಿ ಬ್ಯಾಂಡ್ ಕೂರಿಸಿದ್ದರು! ‘ನಮ್ಮ ಸೈನಿಕರಿಗೆ ಸ್ವಾಗತಗೀತೆ’ ಎಂದು ನಿರೂಪಕ ಬೀಗುತ್ತಿದ್ದ.

“ಇದು ಶೋಕ ಅಂತ ಬರೆದಿದ್ದೀರಿ. ಹಾಡುತ್ತಿರುವುದು ಕಣ್ಣಿಗೇ ಕಾಣುತ್ತಿದೆಯಲ್ಲ?” ಎಂದರು ಪರೀಕ್ಷಕ ಕ್ರೂಗರ್. “ಈ ವಾದ ಬಿದ್ದರೆ ನಿಮ್ಮ ಪ್ರಬಂಧವೇ ಬಿದ್ದಂತೆ.”

ಶ್ರೀದೇವಿ ಪರದೆಯತ್ತ ತಿರುಗಿದಳು. ಇಷ್ಟು ವರ್ಷದ ದುಡಿಮೆ ನೀರುಪಾಲಾಯಿತೇ? ರೇಗನ್ಸ್‌ಬರ್ಗಿನಿಂದ ಕೆಲಸಕ್ಕೆ ರಜೆ ಹಾಕಿ ಬಂದಿದ್ದ ಅಣ್ಣ ಉದಯಕುಮಾರ ಹಿಂದಿನ ಸಾಲಿನಿಂದ ತಡೆಯಲಾರದೆ ಕೂಗಿದ: “ಯಾಕ್ ಅಂಜ್ತೀಯವಾ? ನಮ್ಮ ಕಡೆ ಹಾಡ್ಕೋಂತನ ಅಳ್ತಾರಲ್ಲ, ಮಾಡಿ ತೋರ್ಸು!”

ಅವಳು ಬ್ಯಾಂಡಿನ ಸದ್ದು ಅಡಗಿಸಿದಳು.

“ನಮ್ಮೂರಲ್ಲಿ ಹೆಣದ ಮುಂದೆ ಕೂತು ಸತ್ತವರ ಗುಣ ಹಾಡಿ ಅಳುತ್ತಾರೆ. ಪರದೆಯ ಮೇಲಿನ ಈ ಕೈಗಳನ್ನು ನೋಡಿ. ಸ್ವಾಗತಕ್ಕೆ ಯಾರಾದರೂ ಎದೆ ಬಡಿದುಕೊಳ್ಳುತ್ತಾರಾ?”

ಅಷ್ಟು ಹೇಳಿ, ನಾಚಿಕೆ ಬಿಟ್ಟು ನೆಲದ ಮೇಲೆ ಕೂತೇಬಿಟ್ಟಳು. “ಹೊಸ ಅಂಗಿ ತೊಟ್ಟು ಎಲ್ಲಿಗಿ ಹೊಂಟ್ಯೋ ನನ ಕಂದಾ…” ಎಂದು ದನಿ ಎಳೆದಳು. ಅವಳ ಕೈ ಎದೆಗೆ ಬಿದ್ದಾಗ ಪರದೆಯ ಕೈಗಳೂ ಬಿದ್ದವು.

ಎರಡನೆಯ ಪರೀಕ್ಷಕಿ ದ್ರಿತಾ, ಅಲ್ಬೇನಿಯಾದವರು, ಮೆಲ್ಲನೆ ಎದ್ದು ನಿಂತರು. ಕಣ್ಣು ತುಂಬಿತ್ತು.

“ಪಾಠ ಮಾಡುವಾಗಲೆಲ್ಲ ಈ ಚಿತ್ರ ತೋರಿಸಿದ್ದೇನೆ. ಬ್ಯಾಂಡ್ ಕೇಳಿ ನಾನೂ ಸ್ವಾಗತವೆಂದೇ ನಂಬಿದ್ದೆ. ನನ್ನ ಅಜ್ಜಿ ಅತ್ತದ್ದೂ ಹೀಗೇ,” ಎಂದವರು ಶ್ರೀದೇವಿಯ ಪಕ್ಕ ಬಂದು ಕೂತು ತಮ್ಮ ಭಾಷೆಯಲ್ಲಿ ದನಿಗೂಡಿಸಿದರು. ಎರಡು ಭಾಷೆ, ಒಂದೇ ಅಳು. ಶ್ರೀದೇವಿಗೆ ಅಳುತ್ತಲೇ ಗೆದ್ದೆನೆಂಬ ಹಿಗ್ಗು ಉಕ್ಕಿ ಬಂತು.

ಕ್ರೂಗರ್ ಕನ್ನಡಕ ತೆಗೆದು ಒರೆಸಿಕೊಂಡರು. ಫಲಿತಾಂಶ ಹೇಳುವ ಹೊತ್ತು ಇನ್ನೂ ಬಂದಿರಲಿಲ್ಲ.

“ಫ್ರೌ ಡಾಕ್ಟರ್,” ಎಂದು ಶ್ರೀದೇವಿಯನ್ನು ಕರೆದರು, “ಇನ್ನೊಮ್ಮೆ ತೋರಿಸಿ. ಬ್ಯಾಂಡ್ ಬೇಡ.”