ಅಪ್ಪನಿಗೂ ಗೊತ್ತಿಲ್ಲದ್ದು

ಕತ್ತರಿಗಿಂತ ಬಾಯಿಯೇ ಹೆಚ್ಚು ಓಡುತ್ತಿದ್ದ ಕ್ಷೌರಿಕ ಆತ. ಅವನ ಕುರ್ಚಿಯಲ್ಲಿ ಕೂತವರು ಹೆಂಡತಿಗೂ ಹೇಳದ್ದನ್ನು ಅವನ ಹತ್ತಿರ ಹೇಳಿಕೊಂಡು ಹಗುರಾಗುತ್ತಿದ್ದರು. ಅಂಥವನಿಗೆ ಹದಿನಾಲ್ಕರ ಸ್ವಂತ ಮಗನ ಮುಂದೆ ಮಾತ್ರ ನಾಲಿಗೆ ಏಳುತ್ತಿರಲಿಲ್ಲ.

ಮಗನಿಗೆ ಮನೆಯಲ್ಲಿ ಕಡ್ಡಿ ಎಂದೇ ಹೆಸರು. ಶಾಲೆಯ ಓಟದ ತಂಡದಲ್ಲಿದ್ದ. "ಏನ್ರೀ, ನಿಮ್ಮ ಹುಡುಗ ಓಡೋಕೆ ಬರೋದೇ ಬಿಟ್ಬಿಟ್ನಲ್ಲ?" ಎಂದು ಆಟದ ಮೇಷ್ಟ್ರು ಗಡ್ಡಕ್ಕೆ ಸೋಪು ಹಚ್ಚಿಸಿಕೊಳ್ಳುತ್ತಾ ಕೇಳಿದಾಗಲೇ ಅಪ್ಪನಿಗೆ ವಿಷಯ ಗೊತ್ತಾದದ್ದು. ಹುಡುಗ ಊಟ ಅರ್ಧಕ್ಕೇ ಬಿಟ್ಟು ಏಳುತ್ತಿದ್ದದ್ದು, ಅಕ್ಕನ ಕೀಟಲೆಗೂ ರೇಗದೆ ಸುಮ್ಮನಿರುತ್ತಿದ್ದದ್ದು ಆಗ ನೆನಪಿಗೆ ಬಂತು.

ಮರುದಿನ ಬೆಳಿಗ್ಗೆ ಹಲ್ಲುಜ್ಜಲು ಹೋದರೆ, ಬಚ್ಚಲುಮನೆಯಲ್ಲಿ ಕಡ್ಡಿ ತನ್ನ ಬೆಡ್‌ಶೀಟು ಒಗೆಯುತ್ತಿದ್ದ. ಅಪ್ಪನನ್ನು ಕಂಡದ್ದೇ ಮುಖ ಬಿಳಿಚಿಕೊಂಡಿತು.

"ಉಚ್ಚೆ ಅಲ್ಲಪ್ಪ," ಎಂದ. "ಏನೋ ಕಾಯಿಲೆ. ನಿದ್ದೇಲಿ ತಾನಾಗೇ ಹೋಗುತ್ತೆ. ಒಂದು ಹನಿ ಹೋದ್ರೆ ಒಂದು ಬೊಗಸೆ ರಕ್ತ ಹೋದಂಗಂತೆ. ಕ್ಲಾಸಲ್ಲಿ ಎಲ್ರೂ ಹೇಳ್ತಾರೆ. ಓಡಿದ್ರೆ ಇನ್ನೂ ಬೇಗ ಸತ್ತೋಗ್ತೀನೇನೋ ಅಂತ..."

ಅಪ್ಪ ಬಾಗಿಲು ಮುಂದೆ ಮಾಡಿ, ಬಕೆಟ್ಟು ಬೋರಲು ಹಾಕಿಕೊಂಡು ಕುಳಿತ. ಬೊಗಸೆ ರಕ್ತದ ಮಾತು ಅವನಿಗೆ ಹೊಸದಲ್ಲ. ಇದೇ ವಯಸ್ಸಿನಲ್ಲಿ ಅವನೂ ಯಾರ ಹತ್ತಿರವೂ ಬಾಯಿಬಿಡದೆ, ಕೆನ್ನೆ ಗುಳಿಬಿದ್ದಿದೆಯೇ ಎಂದು ಕನ್ನಡಿ ನೋಡಿಕೊಳ್ಳುತ್ತಾ ದಿನ ದೂಡಿದ್ದ. ಬದುಕಿ ಉಳಿದೆನೆಂಬುದು ಬಿಟ್ಟರೆ ಅವನಿಗೂ ಇವತ್ತಿನವರೆಗೆ ಹೆಚ್ಚೇನೂ ತಿಳಿದಿರಲಿಲ್ಲ.

"ನಂಗೂ ಹಿಂಗೇ ಆಗ್ತಿತ್ತು ಕಣೋ," ಎಂದ ಮೆಲ್ಲಗೆ. "ಸತ್ತಿಲ್ಲ ನೋಡು. ಆದ್ರೆ ಯಾಕಾಗುತ್ತೆ ಅಂತ ನಂಗೂ ಗೊತ್ತಿಲ್ಲ. ಬಾ, ಕೇಳೇ ಬಿಡೋಣ."

ಆಸ್ಪತ್ರೆಯಲ್ಲಿ ಅವತ್ತು ಇದ್ದದ್ದು ಲೇಡಿ ಡಾಕ್ಟರು. ಮಗ ತಲೆ ತಗ್ಗಿಸಿದ್ದನ್ನು ಕಂಡು ಅಪ್ಪ, "ನಂದೇ ಒಂದು ಹಳೇ ಅನುಮಾನ ಡಾಕ್ಟ್ರೇ," ಎಂದು ಶುರುಮಾಡಿ, ಕಣ್ಣನ್ನು ಮೇಜಿಗೆ ನೆಟ್ಟು, ಒಂದೇ ಉಸಿರಿಗೆ ತನ್ನದನ್ನೂ ಮಗನದನ್ನೂ ಹೇಳಿ ಮುಗಿಸಿದ.

ಡಾಕ್ಟರು ನಗಲಿಲ್ಲ. ಕುರ್ಚಿಯನ್ನು ಹತ್ತಿರಕ್ಕೆಳೆದುಕೊಂಡು ಇಬ್ಬರಿಗೂ ಹೇಳಿದರು. "ಅದು ವೀರ್ಯ. ಅದಕ್ಕೂ ರಕ್ತಕ್ಕೂ ಸಂಬಂಧಾನೇ ಇಲ್ಲ. ಈ ವಯಸ್ಸಲ್ಲಿ ದೇಹ ಅದನ್ನ ತಯಾರು ಮಾಡೋಕೆ ಶುರು ಮಾಡುತ್ತೆ, ಒಂದೊಂದ್ಸಲ ನಿದ್ದೇಲಿ ಹೊರಗೆ ಬರುತ್ತೆ. ಕೆಲವರಿಗೆ ಆಗುತ್ತೆ, ಕೆಲವರಿಗೆ ಆಗಲ್ಲ, ಎರಡೂ ಸರೀನೇ. ನೀನು ದೊಡ್ಡೋನಾಗ್ತಿದ್ದೀಯ, ಅಷ್ಟೇ. ಹೊಟ್ಟೆ ತುಂಬ ಊಟ ಮಾಡು, ಓಡು."

ಕಡ್ಡಿಯ ಭುಜ ಸಡಿಲಾಯಿತು. ಈ ಸಲ ಅವನೇ ಕೇಳಿದ: "ಅಕ್ಕಂಗೆ ತಿಂಗಳು ತಿಂಗಳು ಹೊಟ್ಟೆನೋವು ಬರುತ್ತಲ್ಲ, ಅದೂ ಕಾಯಿಲೆ ಅಲ್ವಾ?"

"ಮುಟ್ಟಾಗೋದು ಕಾಯಿಲೆ ಅಲ್ಲಪ್ಪ. ಆದ್ರೆ ನೋವು ನಿಜ. ಜಾಸ್ತಿ ಇದ್ರೆ ಕರ್ಕೊಂಡು ಬನ್ನಿ, ಔಷಧ ಇದೆ."

ಅಪ್ಪ ಮಗನ ಮುಖವನ್ನೇ ನೋಡಿದ. ಮಗಳು ನೋವು ತಿನ್ನುತ್ತಿದ್ದದ್ದು ಈ ಹುಡುಗನಿಗೆ ತಿಳಿದಿತ್ತು, ತನಗೆ ತಿಳಿದಿರಲಿಲ್ಲ.

ಮನೆಗೆ ಬಂದರೆ, ಹೊಲಿಗೆ ಯಂತ್ರದ ಮುಂದಿದ್ದ ಹೆಂಡತಿ ತಲೆಯೆತ್ತಿ, "ಏನಂದ್ರು?" ಎಂದಳು.

"ಏನಿಲ್ಲ" ಎನ್ನುವುದು ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಮೆಷಿನ್ನು ನಿಲ್ಸು, ಹೇಳ್ತೀನಿ," ಎಂದವನೇ ಒಳಕೋಣೆಯತ್ತ ಕೂಗಿದ: "ನೀನೂ ಬಾರಮ್ಮ, ಮಗಳೇ."

ಮಗಳು ಅನುಮಾನದಿಂದಲೇ ಬಂದಳು. ಕಡ್ಡಿ ಸರಿದು ಅಕ್ಕನಿಗೆ ಜಾಗ ಬಿಟ್ಟ. ಆಮೇಲೆ ಅಪ್ಪ ತಡವರಿಸಿದಲ್ಲೆಲ್ಲ ತಾನೇ ಮಾತು ಸೇರಿಸುತ್ತಾ ಹೋದ.