ಹನ್ನೆರಡನೇ ತರಗತಿ ಪಾಸಾದ ನ್ಕಾಂಡು

ನಾಮಪತ್ರ ಸಲ್ಲಿಸಲು ಮಧ್ಯಾಹ್ನ ಮೂರರವರೆಗೆ ಸಮಯವಿತ್ತು. ಒಂದೂವರೆಗೆ ಮುಕುಕಾ ಚೆವೆಯ ಕಾಗದಗಳು ಪರಿಶೀಲನೆಯ ಮೇಜಿನಿಂದ ವಾಪಸು ಬಂದವು. ವಯಸ್ಸು ನಲವತ್ತೊಂದು, ಸರಿ. ಜಾಂಬಿಯಾದ ಪ್ರಜೆ, ಸರಿ. ಮತದಾರರ ಪಟ್ಟಿಯಲ್ಲಿ ಹೆಸರಿತ್ತು, ಅನುಮೋದಕರು ಹದಿನೈದು ಮಂದಿ ಇದ್ದರು. ಆದರೆ ಸಂಸತ್ತಿಗೆ ನಿಲ್ಲುವವರಿಗೆ ಕಡ್ಡಾಯವಾದ ಹನ್ನೆರಡನೇ ತರಗತಿಯ ಪ್ರಮಾಣಪತ್ರದಲ್ಲಿ ನ್ಕಾಂಡು ಚೆವೆ ಎಂದಿತ್ತು.

ನ್ಕಾಂಡು ಅವಳೇ. ಹದಿನೈದನೇ ವಯಸ್ಸಿನಲ್ಲಿ ಅವಳನ್ನು ತೀರಿಹೋದ ದೊಡ್ಡಮ್ಮ ಮುಕುಕಾಳ ಚಾಪೆಯ ಮೇಲೆ ಕೂರಿಸಿ, ಕೈಗೆ ಬಿಳಿ ಮಣಿ ಕಟ್ಟಿ, ನೀರು ಕುಡಿಸಿ, ಹಿರಿಯರು ಸತ್ತವಳ ಹೆಸರನ್ನೂ ಸ್ಥಾನವನ್ನೂ ಕೊಟ್ಟಿದ್ದರು. ಆತ್ಮಕ್ಕೆ ಅಲೆಯದಂತೆ ಒಂದು ಮನೆ ಬೇಕಲ್ಲ. ಮರುವರ್ಷ ಸೋದರಮಾವ ಗುರುತಿನ ಚೀಟಿ ಮಾಡಿಸಿದಾಗ ಬರೆಸಿದ್ದೂ ಮುಕುಕಾ ಎಂದೇ. ಶಾಲೆಯ ದಾಖಲೆ ತಿದ್ದಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ದೊಡ್ಡಮ್ಮನಿಗೆ ಬಲಗಿವಿ ಮಂದವಾಗಿತ್ತು. ಮೂರು ವರ್ಷದಿಂದ ಇವಳಿಗೂ ಹಾಗೆಯೇ. ಕಾಸಾಮಾದ ಡಾಕ್ಟರಿಗೆ ಕಾರಣ ಸಿಕ್ಕಿರಲಿಲ್ಲ.

ಪಕ್ಕದ ಕೋಣೆಯಲ್ಲಿ ಪ್ರಮಾಣ ಮಾಡಿಸುವ ಅಧಿಕಾರಿ ಜೆರೆ ಎರಡೂ ಕಾಗದಗಳನ್ನು ಜೋಡಿಸಿ ನೋಡಿದ. ಅವನು ಪೂರ್ವದ ಎಂಗೋನಿ ಕುಲದವನು. ಬೆಂಬಾ ಜನರನ್ನು ಕೆಣಕುವುದು, ಅವರಿಂದ ಕೆಣಕಿಸಿಕೊಳ್ಳುವುದು ಅವನ ಕುಲಕ್ಕೆ ಹಿಂದಿನಿಂದ ಬಂದ ಹಕ್ಕು.

"ನೀವು ಬೆಂಬಾದೋರು ಸತ್ತವ್ರನ್ನೂ ಎಲೆಕ್ಷನ್ನಿಗೆ ನಿಲ್ಲಿಸ್ತೀರಲ್ಲ, ಮೇಡಂ."

"ಇಲಿ ತಿನ್ನೋರಿಗೆ ಇದೆಲ್ಲ ಎಲ್ಲಿ ಅರ್ಥ ಆಗುತ್ತೆ, ಬೇಗ ಠಸ್ಸೆ ಒತ್ತಿ" ಎಂದಳು ಮುಕುಕಾ.

ಜೆರೆ ನಕ್ಕ. "ಒತ್ತೋಣ. ಎರಡೂ ಹೆಸರು ನಿಮ್ದೇ ಅಂತ ಹುಟ್ಟಿನಿಂದ ಬಲ್ಲ ಸಂಬಂಧಿ ಒಬ್ರು ಪ್ರಮಾಣ ಮಾಡ್ಲಿ."

ಹಾಗೆ ಬಲ್ಲವರಲ್ಲಿ ಉಳಿದಿದ್ದವಳು ಲೊಂಬೆ ಒಬ್ಬಳೇ, ದೊಡ್ಡಮ್ಮನ ಮಗಳು. ಬೆಂಬಲಕ್ಕೆ ಬಂದು ಹಾಡುತ್ತಿದ್ದ ಪಕ್ಷದ ಹೆಂಗಸರೊಡನೆ ಹೊರಗೆ ಮಾವಿನ ಮರದ ಕೆಳಗಿದ್ದವಳನ್ನು ಕರೆಸಿದರು. ಜೆರೆ ಪೆನ್ನು ತೆಗೆದ.

"ವಯಸ್ಸೆಷ್ಟಮ್ಮ?"

"ಐವತ್ತೆರಡು."

"ಇವ್ರು ನಿಮಗೇನಾಗ್ಬೇಕು?"

"ನಮ್ಮವ್ವ."

ಜೆರೆಯ ಪೆನ್ನು ನಿಂತಿತು. "ನಿಮಗಿಂತ ಹನ್ನೊಂದು ವರ್ಷ ಚಿಕ್ಕೋರು. ಹೀಗೆ ಬರೆದ್ರೆ ನನ್ನ ಕೆಲಸ ಹೋಗುತ್ತೆ. ಹುಟ್ಟಿದ ಲೆಕ್ಕದಲ್ಲಿ ಹೇಳಿ."

ಲೊಂಬೆ ಮುಕುಕಾಳ ಕಡೆ ತಿರುಗಿದಳು. "ಏನವ್ವಾ ಹೀಗಂತಾನೆ?"

ಇಪ್ಪತ್ತಾರು ವರ್ಷ ಲೊಂಬೆ ಈ ತಂಗಿಗೆ ತಾಯಿಯೆಂದೇ ಮಂಡಿಯೂರಿ ನೀರು ಕೊಟ್ಟಿದ್ದಳು, ಮಗಳ ಮದುವೆಗೆ ಇವಳ ಅಪ್ಪಣೆ ಕೇಳಿದ್ದಳು.

"ನಾನು ನ್ಕಾಂಡು ಅಂತ ಹೇಳ್ಬೇಕು, ಲೊಂಬೆ. ನಿನ್ನ ಚಿಕ್ಕಮ್ಮನ ಮಗಳು ಅಂತ."

"ಹಂಗಾದ್ರೆ ನಮ್ಮವ್ವ ಎಲ್ಲಿ ಅಂತ ಕೇಳಿದ್ರೆ?"

"ಸತ್ತರು ಅಂತ ಹೇಳ್ಬೇಕಾಗುತ್ತೆ."

"ನಿನ್ನ ಬಾಯಲ್ಲೇ ಹೇಳ್ತೀಯಲ್ಲ ಅದನ್ನ" ಎಂದಳು ಲೊಂಬೆ.

ಗಡಿಯಾರದಲ್ಲಿ ಎರಡು ಇಪ್ಪತ್ತಾಗಿತ್ತು. ಬೇಡ, ನಡಿ ಮನೆಗೆ ಎನ್ನುವ ಮಾತು ಮುಕುಕಾಳ ನಾಲಿಗೆ ತುದಿಗೆ ಬಂತು. ಆದರೂ ಅವಳು ಕಾಗದಗಳನ್ನು ಲೊಂಬೆಯ ಕಡೆ ಸರಿಸಿದಳು. ಅಷ್ಟರಲ್ಲಿ ಲೊಂಬೆಯೇ ಮೇಜಿನ ಕಡೆ ತಿರುಗಿ, ನೆಲ ನೋಡುತ್ತ ಒಂದೊಂದೇ ಮಾತು ಬರೆಸಿದಳು. ತಾಯಿ ಮುಕುಕಾ ಚಳಿಗಾಲದಲ್ಲಿ ಎದೆನೋವಿನಿಂದ ಸತ್ತಳು. ಹೂಳಿದ್ದು ನದಿಯ ಪಕ್ಕ. ಎದುರಿಗಿರುವವಳು ನ್ಕಾಂಡು, ಚಿಕ್ಕಮ್ಮನ ಮಗಳು, ಜನ ಮುಕುಕಾ ಎನ್ನುತ್ತಾರೆ. ಸಹಿ ಹಾಕಿ, ಯಾರನ್ನೂ ನೋಡದೆ ಹೊರಗೆ ಹೋದಳು.

ಠಸ್ಸೆ ಬಿದ್ದ ಕಾಗದ ಪರಿಶೀಲನೆಯ ಮೇಜಿಗೆ ಕೊಟ್ಟು ಮುಕುಕಾ ಹೊರಗೆ ಬರುವಷ್ಟರಲ್ಲಿ ಹಾಡು ನಿಂತಿತ್ತು. ಲೊಂಬೆ ಮರದ ಕೆಳಗೆ, ಸಾವಿನ ಮನೆಯಲ್ಲಿ ಹೆಂಗಸರು ಕೂರುವಂತೆ, ಕಾಲು ನೀಡಿ ನೆಲದ ಮೇಲೆ ಕೂತಿದ್ದಳು. ಪಕ್ಷದ ಬಣ್ಣದ ಬಟ್ಟೆ ಸುತ್ತಿಕೊಂಡ ಹೆಂಗಸರು ಸುತ್ತ ಕೂತು ಸಣ್ಣ ದನಿಯಲ್ಲಿ ಅಳುತ್ತಿದ್ದರು. ಇಪ್ಪತ್ತಾರು ವರ್ಷದ ಹಿಂದೆ ಅತ್ತು ಮುಗಿಸಿದ್ದ ಅಳು ಅದು.

"ಕೂತ್ಕೋ, ನ್ಕಾಂಡು," ಎಂದಳು ಲೊಂಬೆ. "ನಿಮ್ಮ ದೊಡ್ಡಮ್ಮ ಹೋದ್ರು."

ಅವಳು ಕೂತಳು. ಆ ಹೆಸರು ಕೇಳಿ ಮೈ ಹಗುರವಾದಂತಾಯಿತು, ಯಾರೋ ಎದ್ದುಹೋದ ಕೋಣೆಯಂತೆ. ಅದಕ್ಕೇ ಅವಳಿಗೆ ಭಯವಾಯಿತು.

ಎರಡು ಐವತ್ತಕ್ಕೆ ಧ್ವನಿವರ್ಧಕ ಕೂಗಿತು: "ಮುಕುಕಾ ಚೆವೆ, ಒಳಗೆ ಬನ್ನಿ."

ಅಳು ನಿಂತಿತು. ಹೆಂಗಸರು ತಲೆಯೆತ್ತಿದರು. ಒಬ್ಬರೂ ಅವಳನ್ನು ನೋಡಲಿಲ್ಲ. ಎಲ್ಲರೂ ನೋಡಿದ್ದು ನದಿಯಿಂದ ಬರುವ ದಾರಿಯನ್ನು. ಲೊಂಬೆಯೂ ನೋಡುತ್ತಿದ್ದಳು, ಬಾಯಿ ಅರ್ಧ ತೆರೆದು.

ಎರಡನೇ ಸಲ ಕೂಗಿದರು. ದಾರಿಯಲ್ಲಿ ಯಾರೂ ಬರಲಿಲ್ಲ. ಆಗ ಅವಳು ನೆಲಕ್ಕೆ ಕೈಯೂರಿ ಎದ್ದು, "ಬಂದೆ" ಎಂದಳು.

ಲೊಂಬೆ ಬೆಚ್ಚಿ ಅವಳತ್ತ ತಿರುಗಿದಳು. ಮಂಡಿಯೂರಲು ಮುಂದಕ್ಕೆ ಬಾಗಿದವಳು ಅರ್ಧಕ್ಕೇ ನಿಂತಳು, ಎದುರಿಗಿರುವುದು ಯಾರೆಂದು ತಿಳಿಯದೆ.