ಹನ್ನೊಂದು ಒಂದುಗಳು

ಶೇಷ ಸೊನ್ನೆ ಬಂದಿತ್ತು. ನಾಗಮ್ಮ ಪಾಟಿಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಮ್ಮೆ ನೋಡಿದಳು. ಎಲ್ಲೂ ತಪ್ಪಿರಲಿಲ್ಲ.

“ಲೆಕ್ಕ ಆತೇನೇ?” ಗಂಡ ಕೃಷ್ಣಾನಂದ ಮಾಸ್ತರರು ಮಂಚದ ಮೇಲಿಂದ ಕೇಳಿದರು.

“ತಡೀರಿ.”

ಹೊನ್ನಾವರದ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತಿದ್ದ ಮಾಸ್ತರರಿಗೆ ಸಕ್ಕರೆ ಕಾಯಿಲೆಯಿಂದ ಕಣ್ಣು ಹೋಗಿತ್ತು. ಎಪ್ಪತ್ತೆಂಟನೇ ಇಸವಿಯ ಮಳೆಗಾಲದಲ್ಲಿ ಎಡಗಾಲೂ ಹೋಯಿತು. ಆಮೇಲೆ ಅವರಿಗೆ ಉಳಿದದ್ದು ಒಂದೇ ಹಂಬಲ. ಹನ್ನೊಂದು ಯಾವುದರಿಂದಲೂ ಒಡೆಯದ ಅವಿಭಾಜ್ಯ ಸಂಖ್ಯೆ. ಹಾಗಾದರೆ ಒಂದನ್ನೇ ಹನ್ನೊಂದು ಸಲ ಸಾಲಾಗಿ ಬರೆದರೆ ಆಗುವ ದೊಡ್ಡ ಸಂಖ್ಯೆ? ಅದೂ ಒಡೆಯದು ಎಂದು ಅವರ ನಂಬಿಕೆ. ಕಣ್ಣಿದ್ದಾಗ ಒಂದೊಂದೇ ಅವಿಭಾಜ್ಯ ಸಂಖ್ಯೆಯಿಂದ ತಾವೇ ಭಾಗಿಸಿ ನೋಡುತ್ತಿದ್ದರು. ಈಗ ಏಳನೆಯ ಇಯತ್ತೆಯವರೆಗೆ ಓದಿದ್ದ ನಾಗಮ್ಮ ಭಾಗಿಸುತ್ತಿದ್ದಳು. ಗಂಜಿ ಕುಡಿದು ಔಷಧ ನುಂಗಿದರೆ ಮಾತ್ರ ಪಾಟಿ ಹಿಡಿಯುತ್ತೇನೆ ಎಂದು ಅವಳ ಹಟ. ಅದಕ್ಕಾಗಿ ಮಾಸ್ತರರು ದಿನಾ ಮುಖ ಕಿವುಚಿಕೊಂಡು ನುಂಗುತ್ತಿದ್ದರು.

ಆ ದಿನ ಭಾಗಿಸಿದ್ದು ಇಪ್ಪತ್ತೊಂದು ಸಾವಿರದ ಆರುನೂರ ನಲವತ್ತೊಂಬತ್ತರಿಂದ.

“ಶೇಷ ಎಷ್ಟು?”

“ಹನ್ನೆರಡು,” ಎಂದಳು.

“ಭಾಗಲಬ್ಧ?”

ಅದಕ್ಕೆ ಸುಳ್ಳು ಹೊಳೆಯಲಿಲ್ಲ. “ಐದು ಲಕ್ಷದ ಹದಿಮೂರು ಸಾವಿರದ ಇನ್ನೂರ ಮೂವತ್ತೊಂಬತ್ತು.”

ಮಾಸ್ತರರ ತುಟಿಗಳು ಅಲುಗಿದವು. “ಒಂಬತ್ತೊಂಬತ್ಲೆ ಎಂಬತ್ತೊಂದು. ಗುಣಿಸಿದ್ರೆ ಕೊನೆಗೆ ಒಂದು ಬತ್ತದೆ. ಹನ್ನೆರಡು ಕೂಡ್ಸಿದ್ರೆ ಅದು ಮೂರಾಗ್ಬೇಕು. ನಮ್ಮ ಸಂಖ್ಯೇಲಿ ಮೂರು ಎಲ್ಲದೆ, ನಾಗೀ?”

ಹೊರಗೆ ಒಣಮೀನಿನ ಚಾಪೆಯ ಮೇಲಿನ ಕಾಗೆಗಳನ್ನು ಯಾರೋ ಹುಶ್ ಎಂದು ಓಡಿಸುತ್ತಿದ್ದರು.

“ಎಂತಕ್ಕೆ ಸುಳ್ಳು ಹೇಳ್ದೆ?”

“ಇದೂ ಮುಗ್ದೋದ್ರೆ ನಾಳೆ ನೀವು ಗಂಜಿಗೆ ಬಾಯಿ ತೆರೀತ್ರಾ?”

“ಒಡೀತು ಹಂಗಾರೆ.”

“ಹೌದು.”

“ಆತು,” ಎಂದು ಮಾಸ್ತರರು ಗೋಡೆಯ ಕಡೆಗೆ ಹೊರಳಿದರು. ಕೋಪದ ದನಿಯಲ್ಲ, ಕೊನೆಯ ಗಂಟೆ ಹೊಡೆದ ಮೇಲೆ ತರಗತಿ ಬಿಟ್ಟಂತೆ.

ಮರುದಿನ ಬೆಳಿಗ್ಗೆ ನಾಗಮ್ಮ ಗಂಜಿಯ ಬಟ್ಟಲು ಹಿಡಿದು ಬಂದಳು. ರಾತ್ರಿಯಿಡೀ ಕೂಡಿಸಿಟ್ಟುಕೊಂಡಿದ್ದ ಮಾತನ್ನು ಆಡಿದಳು. “ಹದಿಮೂರು ಒಂದು ಬರೆದ್ರೆ ಎಂತ ಆತದೆ? ಇವತ್ತಿಂದ ಅದ್ನ ನೋಡ್ವ.”

“ಐವತ್ಮೂರಕ್ಕೆ ಒಡೀತದೆ. ಅದ್ನ ಯಾವಾಗ್ಲೋ ನೋಡಿ ಆತು.”

“ಹತ್ತೊಂಬತ್ತು ಬರೆದ್ರೆ?”

ಮಾಸ್ತರರ ಬೆರಳುಗಳು ಹೊದಿಕೆಯ ಮೇಲೆ ಎಣಿಸುವಂತೆ ಆಡಿದವು. ಅವರು ಲೆಕ್ಕ ಹಾಕುತ್ತಿದ್ದಾರೆಂದು ನಾಗಮ್ಮನ ಎದೆ ಹಗುರಾಯಿತು.

“ಅದ್ನ ನೋಡಿ ಮುಗ್ಸೂಕೆ ನಿನ್ನ ಆಯುಷ್ಯವೂ ಸಾಲೂದಿಲ್ಲ, ನಾಗೀ,” ಎಂದರು ಮೆಲ್ಲಗೆ.

ಅವಳು ಅವರ ತಲೆಯ ಕೆಳಗೆ ಕೈಯಿಟ್ಟು ಎತ್ತಿ ಚಮಚವನ್ನು ತುಟಿಗೆ ತಾಗಿಸಿದಳು. ತುಟಿ ಬಿಚ್ಚಲಿಲ್ಲ. ಗಂಜಿಯ ತಿಳಿ ಗಲ್ಲದ ಬಿಳಿಗಡ್ಡದಲ್ಲಿ ಇಳಿದು ಕೊರಳ ಗುಳಿಯಲ್ಲಿ ನಿಂತಿತು. ನಾಗಮ್ಮ ಸೆರಗಿನಿಂದ ಅದನ್ನು ಒರೆಸಿ ಮತ್ತೆ ಚಮಚ ತುಂಬಿದಳು.